ಚಿಕ್ಕಜಾಜೂರಿನ ಕೊನೇ ಹಾಳೆಗಳು

ಬೆಳಗಿನ ಐದೂಮುಕ್ಕಾಲು. ಚಿತ್ರದುರ್ಗದ ದೊಡ್ಡಪೇಟೆಯ ಒಳ ಓಣಿಗೆ ಹಾಲಿನವರು ಇನ್ನೂ ಬಂದಿಲ್ಲ. ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು ಜೈಬುನ್ನೀಸಾ ಕೂತಿದ್ದಾರೆ. ಎದುರಿಗೆ ಮರದ ಮಣೆ, ಮಣೆಯ ಮೇಲೆ ದಪ್ಪ ರಟ್ಟಿನ ಒಂದು ಬೈಂಡು. ಐದು ಹಳೆಯ ಕಾಮಿಕ್ಸ್ ಪುಸ್ತಕಗಳನ್ನು ಒಟ್ಟಿಗೆ ಸೇರಿಸಿ ಯಾರೋ ನಲವತ್ತು ವರ್ಷದ ಹಿಂದೆ ಹೊಲಿದದ್ದು. ದಬ್ಬಣದ ತುದಿಯಿಂದ ದಾರದ ಒಂದೊಂದೇ ಗಂಟನ್ನು ಮೇಲೆತ್ತಿ, ಬ್ಲೇಡು ತಾಗಿಸಿ, ಅವರು ಬಿಡಿಸುತ್ತಾ ಹೋಗುತ್ತಾರೆ. ಎಳೆಯುವುದಿಲ್ಲ. ಎಳೆದರೆ ದಾರವೇ ಕಾಗದವನ್ನು ಕೊಯ್ಯುತ್ತದೆ.

"ಈ ಹೊತ್ತು ತಪ್ಪಿದ್ರೆ ಆಗಲ್ಲ" ಎನ್ನುತ್ತಾರೆ, ತಲೆ ಎತ್ತದೆ. "ಎಂಟು ಗಂಟೆ ಮೇಲೆ ನಮ್ಮೂರ ಗಾಳಿ ಗೊತ್ತಲ್ಲ ನಿಮಗೆ. ಗುಡ್ಡದ ಮೇಲೆ ಆ ಕರೆಂಟ್ ಮಾಡೋ ಫ್ಯಾನು ತಿರುಗಾಕೆ ಶುರುವಾದ್ರೆ ಇಲ್ಲಿ ನನ್ನ ಕೆಲಸ ಬಂದ್. ಕಿಟಕಿ ಮುಚ್ಚಿದ್ರೆ ಬೆಳಕಿಲ್ಲ, ತೆಗೆದ್ರೆ ಹಾಳೆ ನಿಲ್ಲಲ್ಲ."

ಯಾರು ಹೊಲಿದದ್ದು ಈ ಬೈಂಡು ಎಂದು ಕೇಳಿದರೆ ಒಳಗಿನಿಂದ ಅವರ ಗಂಡ ಜಬೀವುಲ್ಲಾ ಉತ್ತರ ಕೊಡುತ್ತಾರೆ. "ಇನ್ಯಾರು, ನಮ್ಮಪ್ಪ ಹೊಲಿದದ್ದು. ಅಂಚು ಕಟ್ ಮಾಡ್ದೋನು ನಾನು. ನಾವಿಬ್ರೂ ಹಾಳು ಮಾಡಿದ್ವಿ, ಇವಳು ಬಿಚ್ಚಿ ಹೆಸರು ತಗಂಡ್ಲು."

"ಹೆಸರು ಎಲ್ಲೈತೆ? ಬೋರ್ಡಿನಾಗೆ ನಿಮ್ಮಪ್ಪಂದೇ ಐತಲ್ಲ" ಎನ್ನುತ್ತಾರೆ ಜೈಬುನ್ನೀಸಾ.

ಅಂಗಡಿಯ ಬೋರ್ಡಿನಲ್ಲಿ ಮಾವನ ಹೆಸರಿದೆ, ಕೆಳಗೆ 'ಬೈಂಡಿಂಗ್ ಮತ್ತು ರೂಲಿಂಗ್' ಎಂದಿದೆ. ಬಿಲ್ ಪುಸ್ತಕ, ಕಾಲೇಜು ಹುಡುಗರ ರೆಕಾರ್ಡು, ಮದುವೆ ಕಾರ್ಡು ಇವೆಲ್ಲ ಗಂಡನ ಪಾಲು. ಮಕ್ಕಳ ಪಠ್ಯಪುಸ್ತಕ ಜೂನ್ ತಿಂಗಳಲ್ಲಿ ಬೈಂಡಿಗೆ ಕೊಟ್ಟವರಿಗೆಲ್ಲ ಈ ಅಂಗಡಿ ಗೊತ್ತು. ಹಿಂದಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಕೂತವರನ್ನು ಮಾತ್ರ ಯಾರೂ ಕಂಡಿಲ್ಲ. ರಾಜ್ಯದ ನಾಲ್ಕಾರು ಊರುಗಳಲ್ಲಿ ಹಳೆಯ ಕನ್ನಡ ಕಾಮಿಕ್ಸ್ ಕೂಡಿಡುವ ಜನರಿದ್ದಾರೆ. ಅವರಲ್ಲಿ ಹಲವರ ಕಪಾಟಿನ ಪುಸ್ತಕ ಈ ಮಣೆಯ ಮೇಲಿಂದಲೇ ಹೋಗಿದೆ. ಹದಿನಾಲ್ಕು ವರ್ಷದಲ್ಲಿ ಎಂಟುನೂರಕ್ಕೂ ಹೆಚ್ಚು ಪುಸ್ತಕ. ಒಂದು ದಿನಕ್ಕೆ ಎಂಟು ಹಾಳೆ, ಕಣ್ಣು ಚೆನ್ನಾಗಿದ್ದ ದಿನ ಹತ್ತು. ಮೂವತ್ತೆರಡು ಪುಟದ ಒಂದು ಕಾಮಿಕ್ಸ್ ಮುಗಿಯಲು ಎರಡು ದಿನ, ಒಣಗಲು ಇನ್ನೆರಡು ದಿನ.

ಆದರೆ ಮೂರು ತಿಂಗಳಿಂದ ಕೋಣೆಯ ಎಡಗಡೆಯ ಕಪಾಟು ಖಾಲಿ ಇದೆ. ಮುಕ್ಕಾಲು ಪಾಲು ಕೆಲಸ ಬರುತ್ತಿದ್ದದ್ದು ಹೊಸದುರ್ಗದ ಮುಝಫರ್ ಎಂಬ ಸಂಗ್ರಹಕಾರರಿಂದ. ಅವರು ತಮ್ಮ ಪುಸ್ತಕಗಳನ್ನೆಲ್ಲ ವಾಪಸು ಒಯ್ದಿದ್ದಾರೆ. ಕಾರಣ ಒಂದು ಸಾಲು. ಜೈಬುನ್ನೀಸಾ ಬರೆಯಲು ಒಪ್ಪದ ಒಂದು ಸಾಲು.

ಅದನ್ನು ಹೇಳಬೇಕೆಂದರೆ ಚಿಕ್ಕಜಾಜೂರಿನ ಸ್ಟೇಷನ್ನಿನಿಂದ ಶುರು ಮಾಡಬೇಕು.

ಜೈಬುನ್ನೀಸಾ ಹುಟ್ಟಿದ್ದು ಹೊಳಲ್ಕೆರೆಯಲ್ಲಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಮನೆಗೆ ಬಂದರು. ಬೈಂಡಿಂಗ್ ಮನೆಯ ಸೊಸೆಯೆಂದರೆ ಹಾಳೆ ಮಡಚುವುದು, ಎಣಿಸುವುದು, ಹೊಲಿಯುವುದು. ಆಗ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳ ಕಾಲ. ಹಿರಿಯೂರು, ಹೊಸದುರ್ಗ, ಶ್ರೀರಾಂಪುರದಿಂದೆಲ್ಲ ಚೀಲಗಟ್ಟಲೆ ಕಾಮಿಕ್ಸ್ ಬೈಂಡಿಗೆ ಬರುತ್ತಿದ್ದವು. ಚಿಕ್ಕಜಾಜೂರಿನಲ್ಲಿ ಅಂಥ ಅಂಗಡಿ ಇಟ್ಟಿದ್ದವರು ಕಾಟಲಿಂಗಪ್ಪ. ಜಂಕ್ಷನ್ ಊರು. ಒಂದು ರೈಲು ಇಳಿದು ಇನ್ನೊಂದಕ್ಕೆ ಕಾಯುವ ಜನ ಅಂಗಡಿಯ ಬೆಂಚಿನ ಮೇಲೆ ಕೂತು ಓದುವುದು, ರೈಲು ಬಂದಾಗ ಪುಸ್ತಕದ ಸಮೇತ ಹತ್ತಿ ಹೋಗುವುದು. ಠೇವಣಿ ಇಟ್ಟುಕೊಂಡರೂ ಅದನ್ನು ವಾಪಸು ಕೇಳದೆ ಹೋಗುವವರೇ ಹೆಚ್ಚು.

ಅದಕ್ಕೆ ಕಾಟಲಿಂಗಪ್ಪ ಒಂದು ಉಪಾಯ ಹೂಡಿದರು. ಪ್ರತಿ ಕಾಮಿಕ್ಸಿನ ಕೊನೆಯ ಹಾಳೆಯನ್ನು ಕತ್ತರಿಸಿ ತೆಗೆಸಿದರು. ತೆಗೆದ ಹಾಳೆಗಳನ್ನೆಲ್ಲ ಬೇರೆ ಒಂದು ದಪ್ಪ ಪುಸ್ತಕವಾಗಿ ಹೊಲಿಸಿ, ಗಲ್ಲಾಪೆಟ್ಟಿಗೆಯ ಪಕ್ಕ ಸೆಣಬಿನ ಹುರಿಯಿಂದ ಕಟ್ಟಿ ಹಾಕಿದರು. ಓದುತ್ತಾ ಓದುತ್ತಾ ಕೊನೆಗೆ ಬಂದವನು ಕೈಯಲ್ಲಿದ್ದ ಪುಸ್ತಕವನ್ನು ಗಲ್ಲಾದ ಮೇಲಿಡಬೇಕು. ಆಮೇಲೆ ಅಲ್ಲೇ ನಿಂತು ಕತೆ ಮುಗಿಸಿಕೊಳ್ಳಬೇಕು.

"ಒಂದು ಪುಸ್ತಕನೂ ರೈಲು ಹತ್ತಲಿಲ್ಲ ಅಲ್ಲಿಂದ ಮುಂದೆ" ಎಂದು ಜಬೀವುಲ್ಲಾ ನಗುತ್ತಾರೆ. "ಮನುಷ್ಯ ದುಡ್ಡು ಬಿಟ್ಟಾನು, ಕತೆ ಅರ್ಧಕ್ಕೆ ಬಿಡಲ್ಲ ನೋಡ್ರಿ."

ಕೊನೇ ಹಾಳೆ ಕತ್ತರಿಸುವ ಕೆಲಸ ಬಂದದ್ದು ಹೊಸ ಸೊಸೆಯ ಪಾಲಿಗೆ. ಅದು ಹೇಳಿದಷ್ಟು ಸುಲಭದ್ದಲ್ಲ. ನಡುವೆ ಪಿನ್ನು ಹೊಡೆದ ಪುಸ್ತಕದಲ್ಲಿ ಮೊದಲ ಹಾಳೆ ಮತ್ತು ಕೊನೆಯ ಹಾಳೆ ಒಂದೇ ಕಾಗದದ ಎರಡು ಮಗ್ಗುಲು. ಒಂದನ್ನು ಮಡಿಕೆಗೆ ಸರಿಯಾಗಿ ಕೊಯ್ದರೆ ಇನ್ನೊಂದು ಕಳಚಿ ಬೀಳುತ್ತದೆ. ಆದ್ದರಿಂದ ಮಡಿಕೆಯಿಂದ ಅರ್ಧ ಬೆರಳು ಬಿಟ್ಟು ಕೊಯ್ಯಬೇಕು. ಒಂದೇ ಕಾಮಿಕ್ಸಿನ ಮೂರು ಪ್ರತಿ ಬಂದಿದ್ದರೆ, ಬೇಗ ಆಗಲಿ ಎಂದು ಮೂರರ ಕೊನೇ ಹಾಳೆಯನ್ನೂ ಒಂದರ ಮೇಲೊಂದಿಟ್ಟು ಒಂದೇ ಏಟಿಗೆ ಕೊಯ್ಯುತ್ತಿದ್ದರು.

ಕಾಟಲಿಂಗಪ್ಪ ಅವತ್ತೇ ಹೇಳಿದ್ದರಂತೆ, ಯಾವ ಹಾಳೆ ಯಾವ ಪುಸ್ತಕದ್ದು ಅಂತ ಪೆನ್ಸಿಲಿನಲ್ಲಿ ಸಣ್ಣಗೆ ಒಂದು, ಎರಡು, ಮೂರು ಎಂದು ಬರೆ ಎಂದು.

"ನಾನು ಬರೀಲಿಲ್ಲ." ಇಷ್ಟು ಹೇಳಿ ಜೈಬುನ್ನೀಸಾ ದಬ್ಬಣವನ್ನು ಕೆಳಗಿಡುತ್ತಾರೆ. "ಎಲ್ಲಾ ಒಂದೇ ಅಚ್ಚು ತಾನೆ, ಅದೇ ಚಿತ್ರ, ಅದೇ ಮಾತು, ಯಾವುದಕ್ಕೆ ಯಾವುದು ಸೇರಿದ್ರೆ ಏನಾಗ್ತೈತೆ ಅಂದ್ಕಂಡೆ. ಇಪ್ಪತ್ತೊಂದು ವರ್ಷ ವಯಸ್ಸು. ಹೊಟ್ಟೆಯಾಗೆ ದೊಡ್ಡ ಮಗಳು. ಕೂತು ಕೂತು ಸೊಂಟ ನೋವು. ಬೇಗ ಮುಗಿದ್ರೆ ಸಾಕಾಗಿತ್ತು."

ಮನೆಮನೆಗೆ ಟಿ.ವಿ. ಬಂದ ಮೇಲೆ ಬಾಡಿಗೆ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಕಾಟಲಿಂಗಪ್ಪ ಎರಡು ಸಾವಿರದ ಎರಡನೇ ಇಸವಿಯವರೆಗೆ ತಡೆದರು. ಮುಚ್ಚುವಾಗ ಎಲ್ಲ ಪುಸ್ತಕವನ್ನೂ ಈ ಮನೆಗೇ ತಂದು, "ಕೊನೇ ಹಾಳೆ ಎಲ್ಲಾ ತಿರುಗಿ ಹಚ್ಚಿಕೊಡ್ರಿ, ಅರ್ಧ ಕತೆ ಮಾರಿದ ಪಾಪ ನನಗ್ಯಾಕೆ" ಎಂದರು. ಹಚ್ಚಿದವರೂ ಜೈಬುನ್ನೀಸಾ ಅವರೇ. ಪುಸ್ತಕಗಳು ಹಳೆ ಪೇಪರಿನವರ ಕೈಗೆ ಹೋದವು, ಅಲ್ಲಿಂದ ಎಲ್ಲೆಲ್ಲಿಗೋ ಹೋದವು.

ಹತ್ತು ವರ್ಷ ಕಳೆದ ಮೇಲೆ ಅವೇ ಪುಸ್ತಕ ಹುಡುಕಿಕೊಂಡು ಜನ ಬರತೊಡಗಿದರು. ರಿಪೇರಿ ಕೆಲಸ ಶುರುವಾದದ್ದು ಹಾಗೆ. ಬರುವವರು ಕೇಳುವುದು ಬಗೆಬಗೆ. ಒಬ್ಬರಿಗೆ ಅಂಚಿನ ಕಲೆ ಹೋಗಬೇಕು, ಇನ್ನೊಬ್ಬರಿಗೆ ಹರಿದ ಮೂಲೆಗೆ ಬಣ್ಣ ತುಂಬಿಸಬೇಕು. ಮತ್ತೊಬ್ಬರು ಎರಡು ಹರಕು ಪುಸ್ತಕ ತಂದು ಒಂದು ಇಡೀ ಪುಸ್ತಕ ಮಾಡಿಕೊಡಿ ಎನ್ನುತ್ತಾರೆ. ಬಣ್ಣ ತುಂಬುವ ಕೆಲಸವನ್ನು ಜೈಬುನ್ನೀಸಾ ಮುಟ್ಟುವುದಿಲ್ಲ. ಹರಿದಲ್ಲಿ ತೆಳು ಕಾಗದ ಹಚ್ಚುತ್ತಾರೆ, ಹಚ್ಚಿದ್ದು ಕಾಣುವಂತೆಯೇ ಬಿಡುತ್ತಾರೆ.

ಹಚ್ಚುವ ಅಂಟಿಗೂ ಒಂದು ಕತೆಯಿದೆ. ಮಾವನ ಕಾಲದಲ್ಲಿ ಮೈದಾ ಅಂಟಿಗೆ ಹುಳು ಬೀಳದಿರಲಿ ಎಂದು ಮೈಲುತುತ್ತ ಬೆರೆಸುತ್ತಿದ್ದರು. ಅದು ಹುಳುವನ್ನೇನೋ ತಡೆಯಿತು, ಇಪ್ಪತ್ತು ವರ್ಷದಲ್ಲಿ ಕಾಗದವನ್ನೇ ಕಂದು ಮಾಡಿ ಮುರಿಯಿತು. ಈಗ ಅವರು ಬಳಸುವುದು ಹುಣಸೆಬೀಜದ ಗಂಜಿ. ಹಿರಿಯೂರು ಕಡೆಯ ಹಟ್ಟಿಯೊಂದರಲ್ಲಿ ಕಂಬಳಿ ನೇಯುವ ಗಿರಿಯಮ್ಮ ತಿಂಗಳಿಗೊಮ್ಮೆ ಸಂತೆಗೆ ಬರುವಾಗ ಹುರಿದು ಬೀಸಿದ ಬೀಜದ ಹಿಟ್ಟು ತಂದು ಕೊಡುತ್ತಾರೆ. ನೇಯ್ದ ಕಂಬಳಿ ಬಿಗಿಯಾಗಲೆಂದು ಹಚ್ಚುವ ಗಂಜಿಯದು. ಬೇವಿನ ಎಲೆ ಕುದಿಸಿದ ನೀರಿನಲ್ಲಿ ಅದನ್ನು ಕಾಯಿಸಿ, ಬಟ್ಟೆಯಲ್ಲಿ ಸೋಸಿದರೆ ಅಂಟು ತಯಾರು.

"ಕುರಿ ಉಣ್ಣೆಗೆ ಹಚ್ಚೋದನ್ನ ಕಾಗದಕ್ಕೆ ಹಚ್ತಾಳಂತೆ" ಎಂದು ಗಿರಿಯಮ್ಮ ಬಂದಾಗಲೆಲ್ಲ ಕಿಚಾಯಿಸುತ್ತಾರಂತೆ. "ಮಳೆಗಾಲದಾಗೆ ಹೊದ್ಕಂಡು ಮಲಗಾಕಾ ಬೇ ನಿನ್ನ ಪುಸ್ತಕ?"

ಈ ಅಂಟಿನ ಗುಣವೆಂದರೆ ಬೆಚ್ಚಗಿನ ಒದ್ದೆ ಬಟ್ಟೆ ಹತ್ತು ನಿಮಿಷ ಇಟ್ಟರೆ ಬಿಡುತ್ತದೆ. "ನಾನು ಮಾಡಿದ್ದು ತಪ್ಪು ಅಂತ ನಾಳೆ ಯಾರಿಗಾದ್ರೂ ಅನ್ಸಿದ್ರೆ ಬಿಚ್ಚಾಕೆ ಬರಬೇಕು. ಟೇಪು ಹಾಕಿದ್ರೆ ಬಿಚ್ಚಾಕಾಗ್ತೈತಾ? ಚಿತ್ರನೇ ಕಿತ್ಕಂಡು ಬರ್ತೈತೆ" ಎನ್ನುತ್ತಾರೆ ಜೈಬುನ್ನೀಸಾ.

ಅವರದು ಇನ್ನೊಂದು ಕಟ್ಟುನಿಟ್ಟು. ಮಣೆಯಿಂದ ಎದ್ದ ಪ್ರತಿ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಒಂದು ಚೀಟಿ ಇಡುತ್ತಾರೆ. ಪುಸ್ತಕ ಯಾರಿಂದ ಬಂತು, ಅವರಿಗೆ ಎಲ್ಲಿಂದ ಸಿಕ್ಕಿತಂತೆ, ಯಾವ ಹಾಳೆ ಹರಿದಿತ್ತು, ಎಲ್ಲಿ ಏನು ಹಚ್ಚಿದೆ, ಪಿನ್ನು ಹಳೆಯದೋ ಹೊಸದೋ ಎಲ್ಲ ಅದರಲ್ಲಿರುತ್ತದೆ. ಅದೇ ಮಾತನ್ನು ನೋಟ್‌ಬುಕ್ಕಿನಲ್ಲೂ ಬರೆದಿಡುತ್ತಾರೆ. ಅಂಥ ನೋಟ್‌ಬುಕ್ಕು ನಾಲ್ಕಾಗಿವೆ. ಏಳನೇ ಕ್ಲಾಸಿನವರೆಗೆ ಓದಿದವರ ಗುಂಡಗಿನ ಕನ್ನಡ ಅಕ್ಷರ. ಚೀಟಿಯನ್ನು ಎಲ್ಲರೂ ಇಷ್ಟಪಡುವುದಿಲ್ಲ. ರಿಪೇರಿಯಾದ ಪುಸ್ತಕಕ್ಕೆ ಸಂಗ್ರಹಕಾರರಲ್ಲಿ ಬೆಲೆ ಕಮ್ಮಿ. ಚೀಟಿ ಬೇಡ ಎಂದವರಿಗೆ ಅವರು ಕೊಡುವ ಉತ್ತರ, "ನಿಮ್ಮ ಮನೆಗೆ ಹೋದ ಮೇಲೆ ಹರೀರಿ. ಇಲ್ಲಿಂದ ಹೋಗಾಗ ಇರ್ತೈತೆ."

ಮುಝಫರ್ ಚೀಟಿಯ ಬಗ್ಗೆ ಎಂದೂ ತಕರಾರು ಮಾಡಿದವರಲ್ಲ. ಹೊಸದುರ್ಗದಲ್ಲಿ ಅವರದು ಪೈಪು ಮೋಟಾರಿನ ಅಂಗಡಿ. ಹನ್ನೆರಡು ವರ್ಷದಿಂದ ಭಾನುವಾರದ ಮೊದಲ ಬಸ್ಸಿಗೆ ಬಂದು, ಈ ಚಾಪೆಯ ಅಂಚಿನಲ್ಲಿ ಕೂತು, ಹೊಸದಾಗಿ ಸಿಕ್ಕಿದ್ದನ್ನು ಒಂದೊಂದಾಗಿ ತೋರಿಸುವ ಮನುಷ್ಯ. ಚಿಕ್ಕಂದಿನಲ್ಲಿ ಕೊಳ್ಳಲಾಗದೆ ಬೇರೆಯವರ ಹೆಗಲ ಮೇಲಿಂದ ಇಣುಕಿ ಓದಿದ ಕಾಮಿಕ್ಸ್‌ಗಳನ್ನು ಈಗ ಒಂದೊಂದಾಗಿ ಹುಡುಕುತ್ತಿದ್ದವರು. ಕಳೆದ ಚಳಿಗಾಲದಲ್ಲಿ ಅವರು ತಂದದ್ದು 'ಬಿರುಗಾಳಿ ಭರಮ' ಎಂಬ ಮಾಲಿಕೆಯ ಮೊದಲ ಸಂಚಿಕೆ. ಸಂಗ್ರಹಕಾರರು ವರ್ಷಗಳಿಂದ ಹುಡುಕುತ್ತಿದ್ದದ್ದು. ಹೊಸದುರ್ಗದ್ದೇ ಒಂದು ಹಳೆ ಮನೆಯ ಅಟ್ಟದಲ್ಲಿ ಸಿಕ್ಕಿತ್ತು, ಎಲ್ಲ ಪುಟವೂ ಇತ್ತು. ರಟ್ಟಿನ ಧೂಳು ತೆಗೆಯಲೆಂದಷ್ಟೇ ಕೊಟ್ಟರು.

ಜೈಬುನ್ನೀಸಾ ಪುಸ್ತಕ ತೆರೆದು ಕೊನೆಯ ಹಾಳೆಯ ಬುಡಕ್ಕೆ ಬೆರಳು ಆಡಿಸಿದರು. ಅರ್ಧ ಬೆರಳಿನ ಪಟ್ಟಿ ತಗುಲಿತು. ಅವರದೇ ಕೈಕೆಲಸ.

"ಇದು ಚಿಕ್ಕಜಾಜೂರಿಂದು ಮುಝಫರ್. ನಾನೇ ಕೊಯ್ದಿದ್ದೆ, ನಾನೇ ಹಚ್ಚಿದ್ದು."

ಮುಝಫರ್‌ಗೆ ಮೊದಲು ಖುಷಿಯೇ ಆಯಿತಂತೆ. ಎಲ್ಲಿಂದ ಬಂತು ಎಂದು ಗೊತ್ತಿರುವ ಪುಸ್ತಕಕ್ಕೆ ಮರ್ಯಾದೆ ಹೆಚ್ಚು. ಹೊರರಾಜ್ಯದ ಸಂಗ್ರಹಕಾರರೊಬ್ಬರು ಒಳ್ಳೆಯ ಬೆಲೆಗೆ ಕೊಳ್ಳಲು ಮುಂದೆ ಬಂದರು, ಮುಝಫರ್ ಮಾರಲು ಒಪ್ಪಿದರು. ಅವರದು ಒಂದೇ ಷರತ್ತು: ಹಾಳೆ ಕೊಯ್ದು ಹಚ್ಚಿದ್ದರೂ ಸರಿ, ಅದು ಇದೇ ಪ್ರತಿಯ ಹಾಳೆ ಎಂದು ಹಚ್ಚಿದವರು ಬರೆದುಕೊಡಬೇಕು. ಬೇರೆ ಪ್ರತಿಯದಾದರೆ ಅದು ಎರಡು ಪುಸ್ತಕ ಕೂಡಿಸಿದ ಜೋಡಣೆ, ಬೇಡ.

ಕೊಯ್ದ ಅಂಚು ಕೂಡುತ್ತದೆಯೇ ಎಂದು ಜೈಬುನ್ನೀಸಾ ನೋಡಿದರು. ಕೂದಲೆಳೆಯ ಸಂದಿಯೂ ಇಲ್ಲದೆ ಕೂಡಿತು. ತೊಡಕು ಇದ್ದದ್ದೂ ಅಲ್ಲೇ. ಚಿಕ್ಕಜಾಜೂರಿನ ಅಂಗಡಿಯಲ್ಲಿದ್ದ ಈ ಸಂಚಿಕೆಯ ಮೂರು ಪ್ರತಿಯನ್ನೂ ಒಟ್ಟಿಗೆ ಕೊಯ್ದಿದ್ದರಿಂದ ಮೂರು ಹಾಳೆಯೂ ಮೂರು ಪುಸ್ತಕಕ್ಕೂ ಹಾಗೇ ಕೂಡುತ್ತವೆ. ಹುಳು ತಿಂದ ತೂತು ಪುಸ್ತಕದ ಹಾಳೆಗಳಲ್ಲಿತ್ತು, ಕೊನೇ ಹಾಳೆಯಲ್ಲಿ ಇರಲಿಲ್ಲ. ಅದೂ ಏನನ್ನೂ ಹೇಳದು. ಕೊನೇ ಹಾಳೆ ಹದಿನೇಳು ವರ್ಷ ಗಲ್ಲಾದ ಪಕ್ಕ ಬೇರೆಯೇ ಇತ್ತಲ್ಲ.

ಆ ವಾರ ಅವರು ಗಂಡನನ್ನು ಕರೆದುಕೊಂಡು ಚಿಕ್ಕಜಾಜೂರಿಗೆ ಹೋದರು. ಕಾಟಲಿಂಗಪ್ಪನವರಿಗೆ ಈಗ ಎಂಬತ್ತಮೂರು. ಕಣ್ಣು ಮಂಜು, ನಾಲಿಗೆ ಮಾತ್ರ ಹಾಗೆಯೇ ಇದೆ. ಯಾವ ಹಾಳೆ ಎಲ್ಲಿಯದೆಂದು ತಿಳಿಯುವ ಗುರುತು ಏನಾದರೂ ನೀವು ಇಟ್ಟಿದ್ದಿರಾ ಎಂದು ಕೇಳಿದರೆ ಅವರು ನಕ್ಕುಬಿಟ್ಟರು.

"ನಂಬರ್ ಬರಿಯವ್ವ ಅಂತ ಬಡ್ಕಂಡೆ. ನೀನು ಬರೀಲಿಲ್ಲ. ನಲವತ್ತು ವರ್ಷ ಆದ ಮೇಲೆ ಕೇಳಾಕೆ ಬಂದೀಯ."

"ಅವತ್ತು ಎರಡು ಏಟು ಹಾಕಿ ಬರೆಸಬೇಕಿತ್ತು ನೀವು" ಎಂದರಂತೆ ಜೈಬುನ್ನೀಸಾ.

"ಓದೋರಿಗೆಲ್ಲ ಕತೆ ಮುಗೀತು ಕಣವ್ವ. ನಿನಗೊಬ್ಬಳಿಗೇ ಮುಗಿದಿಲ್ಲ ನೋಡು. ಚಾ ಕುಡಿ."

ಮುಂದಿನ ಭಾನುವಾರ ಮುಝಫರ್ ಬಂದಾಗ ಆದ ಮಾತು ಜಬೀವುಲ್ಲಾ ಅವರಿಗೆ ಬಾಯಿಪಾಠವಾಗಿದೆ. ಮುಝಫರ್ ಕೂಗಾಡಲಿಲ್ಲ, ಜೈಬುನ್ನೀಸಾ ಕೂಡ.

"ಗೊತ್ತಿಲ್ಲ ಅಂದ್ರೆ ಸುಳ್ಳು ಅಂತೇನಲ್ಲವಲ್ಲ ಅಕ್ಕ. ಮೂರರಾಗೆ ಒಂದು ಪಾಲು ಅದೇ ಹಾಳೆ ಇರಬಹುದು."

"ಇರಬಹುದು. ಇರಬಹುದು ಅಂತ ಬರ್ಕೊಡ್ತೀನಿ. ಐತೆ ಅಂತ ಬರಿಯಲ್ಲ."

"ನೋಡಿದೋರು ಯಾರಕ್ಕ? ನೀವೊಬ್ರೇ. ನೀವು ಅಂದಿದ್ದೇ ಸಾಕ್ಷಿ."

"ಅದಕ್ಕೇ ಮುಝಫರ್. ಬೇರೆ ಯಾರಾದ್ರೂ ನೋಡಿದ್ರೆ ನಾನು ಸುಳ್ಳು ಹೇಳಿದ್ರೂ ಅವರು ಸರಿ ಮಾಡ್ತಿದ್ರು. ಯಾರೂ ಇಲ್ವಲ್ಲ."

ಮುಝಫರ್ ತಮ್ಮ ಪುಸ್ತಕವನ್ನೆಲ್ಲ ಕೊಟ್ಟುಬಿಡಿ ಎಂದರು. ಎಡಗಡೆಯ ಕಪಾಟಿನಲ್ಲಿ ಮೂವತ್ತೊಂಬತ್ತು ಇದ್ದವು. ಅದರಲ್ಲೊಂದು ಪೂರ್ತಿ ಬಿಚ್ಚಿದ ಸ್ಥಿತಿಯಲ್ಲಿತ್ತು, ಬಿಡಿ ಹಾಳೆ. ಅದನ್ನು ಹಾಗೇ ಚೀಲಕ್ಕೆ ಹಾಕಲು ಹೋದಾಗ ಜೈಬುನ್ನೀಸಾ ತಡೆದರು.

"ಬಿಚ್ಚಿದ್ದನ್ನ ಹಂಗೇ ಕಳ್ಸಲ್ಲ. ಒಂದು ಗಂಟೆ ಕುಂತ್ಕಳ್ರಿ."

ಅವರು ಕೂತರು. ಜೈಬುನ್ನೀಸಾ ಹಾಳೆ ಜೋಡಿಸಿದರು, ಹಳೆಯ ತೂತಿನಲ್ಲೇ ಹೊಲಿದರು, ಚೀಟಿ ಬರೆದು ರಟ್ಟಿನೊಳಗಿಟ್ಟರು. ಮುಝಫರ್ ಚಹಾ ಕುಡಿದು ಲೋಟವನ್ನು ತಾವೇ ಒಳಗಿಟ್ಟು ಬಂದರು. 'ಬಿರುಗಾಳಿ ಭರಮ'ದೊಳಗೂ ಒಂದು ಚೀಟಿ ಇತ್ತು: 'ಕೊನೇ ಹಾಳೆ ಕೊಯ್ದು ಹಚ್ಚಿದ್ದು ನಾನು. ಈ ಪ್ರತಿಯದು ಇರಬಹುದು, ಇನ್ನೆರಡು ಪ್ರತಿಯದೂ ಇರಬಹುದು. ನಂಬರ್ ಹಾಕದ ತಪ್ಪು ನನ್ನದು.' ಅದನ್ನು ಓದಿ, ಹರಿಯದೆ, ಮತ್ತೆ ಅಲ್ಲೇ ಇಟ್ಟು ಹೊರಟರು. ಆಮೇಲೆ ಬಂದಿಲ್ಲ.

ಹದಿನೈದು ದಿನ ಬಿಟ್ಟು ಕೊಳ್ಳುವವರಿಂದಲೇ ಫೋನು ಬಂತು. ಜೈಬುನ್ನೀಸಾ ನೋಟ್‌ಬುಕ್ಕು ತೆಗೆದು ಅದರಲ್ಲಿದ್ದದ್ದನ್ನು ಇದ್ದ ಹಾಗೇ ಓದಿದರು. ಆ ಕಡೆಯವರು ಥ್ಯಾಂಕ್ಸ್ ಹೇಳಿ, ಹಾಗಾದರೆ ನಮಗೆ ಬೇಡ ಎಂದರು. ಸುದ್ದಿ ಹರಡಿ ಬೇರೆ ಇಬ್ಬರು ಸಂಗ್ರಹಕಾರರೂ ಪುಸ್ತಕ ಕಳಿಸುವುದು ನಿಲ್ಲಿಸಿದ್ದಾರೆ. ಚೀಟಿಯವಳ ಹತ್ತಿರ ಕೊಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ ಎನ್ನುತ್ತಾರಂತೆ. ಈಗ ಮಣೆಯ ಮೇಲಿರುವ ಐದು ಪುಸ್ತಕದ ಬೈಂಡು ಶ್ರೀರಾಂಪುರದ ಒಬ್ಬ ಟೈಲರ್‌ದು. ಅವರಿಗೆ ಮಾರುವ ಇರಾದೆಯಿಲ್ಲ, ತಮ್ಮ ಅಣ್ಣ ಓದುತ್ತಿದ್ದ ಪುಸ್ತಕ ಎಂದಷ್ಟೇ. ಇದು ಮುಗಿದರೆ ಮುಂದಿನ ಕೆಲಸ ಏನೆಂದು ಗೊತ್ತಿಲ್ಲ.

ಬೇಜಾರಾಗಿದೆಯೇ ಎಂದು ಕೇಳಿದೆ.

"ಕೆಲಸ ಹೋಗಿದ್ದಕ್ಕಾ? ಬಿಲ್ ಪುಸ್ತಕ ಹೊಲಿತೀನಿ, ಅದಕ್ಕೇನು. ಮುಝಫರ್‌ಗೆ ಕಷ್ಟ ಆಯ್ತಲ್ಲ, ಅದಕ್ಕೆ ಬೇಜಾರು. ತಪ್ಪು ಮಾಡ್ದೋಳು ನಾನು, ನಷ್ಟ ಅವರಿಗೆ."

"ಅಷ್ಟಕ್ಕೂ ಒಂದು ಸಾಲು ಬರೆದಿದ್ರೆ ಏನಾಗ್ತಿತ್ತು ಕೇಳ್ರಿ" ಎನ್ನುತ್ತಾರೆ ಜಬೀವುಲ್ಲಾ. ಅವರ ದನಿಯಲ್ಲಿ ತಮಾಷೆಯಿಲ್ಲ.

ಜೈಬುನ್ನೀಸಾ ಕೈಯಲ್ಲಿದ್ದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಾರೆ. ಅಗ್ಗದ ಕಾಗದ. ಹೊಟ್ಟಿನಂಥ ನಾರು ಅಲ್ಲಲ್ಲಿ ಕಾಣುತ್ತದೆ, ಒಂದು ಮೂಲೆ ದಪ್ಪ, ಇನ್ನೊಂದು ತೆಳು. ಒಂದು ಶೀಟಿನ ಹಾಗೆ ಇನ್ನೊಂದು ಶೀಟು ಇರುವುದಿಲ್ಲವಂತೆ. ಮೊದಲ ಹಾಳೆಯ ನಾರು, ಬಣ್ಣ, ದಪ್ಪ ಅದೇ ಕಾಗದದ ಇನ್ನೊಂದು ಮಗ್ಗುಲಾದ ಕೊನೇ ಹಾಳೆಯಲ್ಲಿ ಮುಂದುವರಿದಿರುತ್ತದೆ.

"ಒಂದೇ ಪ್ರತಿ ನೋಡಿದ್ರೆ ಹೊಂದ್ತೈತೆ ಅಂತಲೇ ಅನ್ಸುತ್ತೆ. ಮನಸ್ಸು ಹಂಗೆ ಹೇಳ್ತೈತೆ. ಮೂರೂ ಪಕ್ಕಪಕ್ಕ ಇಟ್ರೆ ಯಾವುದು ಯಾವುದಕ್ಕೆ ಹೊಂದಲ್ಲ ಅಂತ ತಿಳಿತೈತೆ."

ಅಂದರೆ ಚಿಕ್ಕಜಾಜೂರಿನಿಂದ ಹೋದ ಇನ್ನೆರಡು ಪ್ರತಿಗಳು ಸಿಗಬೇಕು. ಒಂದು ಹಿರಿಯೂರಿನ ಕಡೆ ಹೋಗಿತ್ತೆಂದು ಹಳೆ ಪೇಪರಿನವರೊಬ್ಬರು ಹೇಳಿದ್ದಾರೆ, ಇನ್ನೊಂದರ ಸುಳಿವಿಲ್ಲ. ಸಿಕ್ಕರೆ ಏನು ಮಾಡುತ್ತೀರಿ, ಕೊಳ್ಳುತ್ತೀರಾ ಎಂದರೆ ಅವರಿಗೆ ಆಶ್ಚರ್ಯವಾಗುತ್ತದೆ.

"ನನಗ್ಯಾಕೆ? ಯಾರ ಹತ್ರ ಐತೋ ಅವರ ಹತ್ರನೇ ಇರ್ಲಿ. ಕೊಡೋದು ಬೇಡ, ಮಾರೋದು ಬೇಡ. ಒಂದು ಬೆಳಿಗ್ಗೆ ಇಲ್ಲಿಗೆ ತಂದು ತೋರಿಸ್ಲಿ. ಮುಝಫರ್‌ನೂ ಕರೀತೀನಿ, ಬಂದೇ ಬರ್ತಾರೆ. ಯಾವ ಹಾಳೆ ಯಾರದ್ದೋ ಅವರವರಿಗೆ ಹಚ್ಚಿ, ಈ ಸಾರಿ ನಂಬರ್ ಹಾಕಿ, ಮಧ್ಯಾಹ್ನದ ಬಸ್ಸಿಗೆ ಕಳಿಸ್ತೀನಿ."